ಒಂಬತ್ತು ನಿಮಿಷದ ಕತ್ತಲಲ್ಲಿ

2020ರ ಏಪ್ರಿಲ್ 5, ಭಾನುವಾರ. ಮಲೆನಾಡಿನ ಒಂದು ಜಲವಿದ್ಯುತ್ ಕೇಂದ್ರದಲ್ಲಿ ನನಗೆ ಅವತ್ತು ಸೆಕೆಂಡ್ ಶಿಫ್ಟ್. ಸಂಜೆ ಅಮ್ಮ ಫೋನ್ ಮಾಡಿದಳು. 'ರಾತ್ರಿ ಒಂಬತ್ತಕ್ಕೆ ಮೇನ್ ಸ್ವಿಚ್ಚೇ ಆರಿಸಿಬಿಡ್ಲಾ ಮಗಾ? ಇಲ್ಲಾಂದ್ರೆ ಫ್ರಿಡ್ಜ್ ಸುಟ್ಟು ಹೋಗುತ್ತೆ ಅಂತ ಪಕ್ಕದ ಮನೆಯವರು ಹೇಳ್ತಿದ್ರು.'

'ಬೇಡಮ್ಮ. ಲೈಟ್ ಮಾತ್ರ ಆರಿಸು. ಫ್ರಿಡ್ಜು, ಫ್ಯಾನು, ಟಿವಿ ಎಲ್ಲ ಓಡ್ತಾ ಇರ್ಲಿ' ಅಂದೆ. ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

ಲಾಕ್‌ಡೌನ್‌ನಿಂದ ಕಾರ್ಖಾನೆಗಳು ಮುಚ್ಚಿದ್ದವು. ಕರೆಂಟ್ ಕೇಂದ್ರಗಳನ್ನೂ ಊರುಗಳನ್ನೂ ಜೋಡಿಸುವ ತಂತಿಜಾಲ, ಅಂದರೆ ಗ್ರಿಡ್, ಅದರ ಮೇಲಿನ ಲೋಡ್ (ಜನ ಬಳಸುವ ಕರೆಂಟಿನ ಭಾರ) ಮೊದಲೇ ಕಡಿಮೆ. ಅದರ ಮೇಲೆ ಇಡೀ ದೇಶ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಬೇಕು ಅಂತ ಪ್ರಧಾನಿ ಕರೆ ಕೊಟ್ಟಿದ್ದರು. ಒಂದು ಬಲ್ಬ್ ಆರಿಸಿದರೆ ಏನೂ ಆಗುವುದಿಲ್ಲ. ಕೋಟ್ಯಂತರ ಬಲ್ಬ್ ಒಂದೇ ಗಳಿಗೆಯಲ್ಲಿ ಆರಿದರೆ?

ತುಂಬಾ ಜನ ಕರೆಂಟ್ ಅಂದರೆ ಟ್ಯಾಂಕಿನ ನೀರಿನ ಹಾಗೆ ಅಂದುಕೊಂಡಿರುತ್ತಾರೆ. ನಲ್ಲಿ ತಿರುಗಿಸಿದಾಗ ಬರುತ್ತದೆ, ಮುಚ್ಚಿದರೆ ಅಲ್ಲೇ ನಿಲ್ಲುತ್ತದೆ. ಆದರೆ ತಂತಿಯಲ್ಲಿ ಕರೆಂಟ್ ಕೂಡಿಡುವ ಜಾಗ ಇಲ್ಲ. ಈ ಕ್ಷಣ ಎಷ್ಟು ಬೇಕೋ ಅಷ್ಟನ್ನು ಈ ಕ್ಷಣವೇ ಉತ್ಪಾದಿಸಬೇಕು. ಭಾರ ಹೇರಿದ ಗಾಡಿಯಿಂದ ಮೂಟೆ ಜಾರಿದರೆ ಎತ್ತುಗಳು ಮುಂದಕ್ಕೆ ನುಗ್ಗುತ್ತವಲ್ಲ, ಹಾಗೆ ಲೋಡ್ ಇಳಿದರೆ ಕರೆಂಟ್ ಉತ್ಪಾದಿಸುವ ಮಿಷನ್‌ಗಳೂ ವೇಗ ಹೆಚ್ಚಿಸಿಕೊಳ್ಳುತ್ತವೆ. ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಡುತ್ತದೆ ಅನ್ನುವ ಲೆಕ್ಕ, 50 ಹರ್ಟ್ಸ್ ದಾಟಿ ಏರುತ್ತದೆ. ತೀರಾ ಏರಿದರೆ ಮಿಷನ್‌ಗಳು ತಮ್ಮನ್ನು ತಾವು ಉಳಿಸಿಕೊಳ್ಳಲು ಟ್ರಿಪ್ ಆಗುತ್ತವೆ, ಅಂದರೆ ತಾವಾಗೇ ಗ್ರಿಡ್‌ನಿಂದ ಕಳಚಿಕೊಳ್ಳುತ್ತವೆ. ಒಂದರ ಹಿಂದೆ ಒಂದು ಹೋದರೆ ಊರಿಗೆ ಊರೇ ಕತ್ತಲು.

2012ರ ಜುಲೈನಲ್ಲಿ ಉತ್ತರ ಭಾರತದ ಕಡೆ ಹಾಗೆ ಗ್ರಿಡ್ ಕುಸಿದು, 60 ಕೋಟಿಗೂ ಜಾಸ್ತಿ ಜನ ಇರುವ ಪ್ರದೇಶಕ್ಕೆ ಕರೆಂಟ್ ಹೋಗಿತ್ತು. ಕಾರಣ ಬೇರೆ. ನಮ್ಮ ದಕ್ಷಿಣದ ಗ್ರಿಡ್ ಆಗ ಬೇರೆಯಾಗಿತ್ತು, ಪಾರಾದೆವು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆದ ಮೇಲೆ ಇಡೀ ದೇಶಕ್ಕೆ ಒಂದೇ ಗ್ರಿಡ್. ಈಗ ಯಾರದೇ ಏಟು ನಮಗೂ ತಗಲುತ್ತದೆ.

ಕಲ್ಲಿದ್ದಲ ಘಟಕ ನಿಧಾನದ ಜೀವಿ. ಬಾಯ್ಲರ್ ಬಿಸಿ ಇಳಿಸಿ ಏರಿಸಲು ಹೊತ್ತು ಬೇಕು. ನೀರಿನ ಮಿಷನ್ ಹಾಗಲ್ಲ, ನಿಮಿಷಗಳಲ್ಲಿ ಮಾತು ಕೇಳುತ್ತದೆ. ಅದಕ್ಕೇ ಭಾರ ನಮ್ಮ ಮೇಲೆ ಬಿತ್ತು. ಮುಸ್ಸಂಜೆಯಲ್ಲಿ ನೀರು ಉಳಿಸಿ, ಎಂಟೂ ಮುಕ್ಕಾಲಿಗೆ ಪೂರ್ತಿ ಲೋಡ್ ಎತ್ತಿ, ಒಂಬತ್ತರ ಹೊತ್ತಿಗೆ ಇಳಿಸಿ. ಆದರೆ ಮಿಷನ್ ನಿಲ್ಲಿಸಬೇಡಿ, ಸುತ್ತುತ್ತಾ ಇರಲಿ, ಒಂಬತ್ತು ಗಂಟೆ ಒಂಬತ್ತು ನಿಮಿಷಕ್ಕೆ ಮತ್ತೆ ಎತ್ತಬೇಕು. ಇದು ನಮಗೆ ಬಂದ ಸೂಚನೆ.

ಎಂಟೂವರೆಗೆ ಕಂಟ್ರೋಲ್ ರೂಮಿನಲ್ಲಿ ಮಾತೇ ಇರಲಿಲ್ಲ. ಎಲ್ಲರ ಕಣ್ಣು ಫ್ರೀಕ್ವೆನ್ಸಿ ಮೀಟರಿನ ಕೆಂಪು ಅಂಕಿಗಳ ಮೇಲೆ. ಸಾಮಾನ್ಯ ದಿನ ಅದು 49.90ರಿಂದ 50.05ರ ನಡುವೆ ಇದ್ದರೆ ನಮಗೆ ನೆಮ್ಮದಿ. ಅವತ್ತು ಮೊದಲು 49.7ರವರೆಗೆ ಇಳಿಯಿತು. ಆಮೇಲೆ ಜನ ಒಂಬತ್ತಕ್ಕೂ ಮುಂಚೆಯೇ ದೀಪ ಆರಿಸಲು ಶುರು ಮಾಡಿದರು. ಅಂಕಿ ಮೇಲೇರತೊಡಗಿತು.

'ಸರ್, ಇಳಿಸ್ಲಾ?' ಕಿರಿಯ ಹುಡುಗನ ಕೈ ಆಗಲೇ ಸ್ವಿಚ್ ಮೇಲಿತ್ತು. 'ನಿಧಾನ. ಪೆನ್‌ಸ್ಟಾಕ್ ಪ್ರೆಷರ್ ನೋಡ್ಕೊಂಡು' ಅಂದೆ.

ಪೆನ್‌ಸ್ಟಾಕ್ ಅನ್ನುವ ದೊಡ್ಡ ಪೈಪಿನಲ್ಲಿ ನೂರಾರು ಮೀಟರ್ ಎತ್ತರದಿಂದ ಇಳಿದುಬರುವ ನೀರನ್ನು ಒಮ್ಮೆಲೇ ತಡೆಯಲಾಗದು. ತಡೆದರೆ ಪೈಪಿನೊಳಗೆ ಒತ್ತಡ ನುಗ್ಗುತ್ತದೆ. ಪೈಪಿನ ತುದಿಯ ನಾಜಲ್‌ನೊಳಗಿನ ಸೂಜಿ ಮೆಲ್ಲಗೆ ಮುಂದೆ ಬಂದು ಧಾರೆಯನ್ನು ಸಣ್ಣದು ಮಾಡಬೇಕು. ಅಷ್ಟು ಸಮಯ ಸಿಗದಿದ್ದರೆ ಡಿಫ್ಲೆಕ್ಟರ್ ಅನ್ನುವ ಉಕ್ಕಿನ ತಟ್ಟೆ ಧಾರೆಗೆ ಅಡ್ಡ ಬಂದು ನೀರನ್ನು ಟರ್ಬೈನ್ ಚಕ್ರದಿಂದಾಚೆಗೆ ತಿರುಗಿಸುತ್ತದೆ. ಅವತ್ತು ಸೂಜಿಯೇ ಸಾಕಾಯಿತು. ಮಿಷನ್ ಹಾಲ್‌ನ ಮೊರೆತ ಕ್ರಮೇಣ ಇಳಿದು ಬರೀ ಗುಂಯ್ ಅನ್ನುವ ಸದ್ದು ಉಳಿಯಿತು. ಲೋಡ್ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗೆ.

ಒಂಬತ್ತು ಗಂಟೆ ಎಂಟು ನಿಮಿಷಕ್ಕೆ ಮೀಟರ್ 50.26ರ ಹತ್ತಿರ. ಆ ಹುಡುಗ ಉಸಿರು ಬಿಡಲೇ ಇಲ್ಲ ಅನ್ನಿಸುತ್ತದೆ. ನಾನೂ ಅಷ್ಟೇ. ಹೊರಗೆ ಬಾಗಿಲ ಬಳಿ ಒಂದು ಕ್ಷಣ ನಿಂತಾಗ ಜೀರುಂಡೆ ಕೂಗು ಸ್ಪಷ್ಟವಾಗಿ ಕೇಳಿಸಿತು. ಟೇಲ್‌ರೇಸ್, ಅಂದರೆ ಚಕ್ರ ತಿರುಗಿಸಿದ ನೀರು ಹೊರಹೋಗುವ ಕಾಲುವೆ, ಅದರ ಅಬ್ಬರದಲ್ಲಿ ಅದು ಬೇರೆ ದಿನ ಕೇಳುವುದೇ ಇಲ್ಲ.

ಆಮೇಲೆ ಲೆಕ್ಕ ಗೊತ್ತಾಯಿತು. ಸುಮಾರು 13 ಸಾವಿರ ಮೆಗಾವಾಟ್ ಇಳಿಯಬಹುದು ಅಂದುಕೊಂಡಿದ್ದರು. ಇಳಿದದ್ದು 31 ಸಾವಿರಕ್ಕೂ ಜಾಸ್ತಿ. ಅದರಲ್ಲಿ 17 ಸಾವಿರಕ್ಕೂ ಹೆಚ್ಚನ್ನು ದೇಶದ ಜಲವಿದ್ಯುತ್ ಕೇಂದ್ರಗಳೇ ಇಳಿಸಿ, ಮತ್ತೆ ಎತ್ತಿ ಕೊಟ್ಟಿದ್ದವು.

ಮಳೆ ಕಡಿಮೆಯಾದ ವರ್ಷ 'ನಿಮ್ಮ ಮಿಷನ್ ಸುಮ್ನೆ ನಿಂತಿದೆಯಲ್ಲ' ಅಂತ ಕೇಳುವವರಿದ್ದಾರೆ. ಆ ಮಾತು ನನಗೆ ನೋವು ಕೊಡುತ್ತದೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟಿನದ್ದು. ಸೂರ್ಯ ಮುಳುಗುವುದೂ ಮನೆಮನೆಯಲ್ಲಿ ಲೈಟ್ ಹತ್ತುವುದೂ ಒಂದೇ ಹೊತ್ತಿಗೆ. ಆಗ ಕೈಹಿಡಿಯುವುದು ಅಣೆಕಟ್ಟಿನಲ್ಲಿ ಉಳಿಸಿದ ನೀರು. ಕರೆಂಟಿಗೆ ಟ್ಯಾಂಕ್ ಇದ್ದರೆ ಅದೇ. ಮಧ್ಯಾಹ್ನ ಬಿಸಿಲಿರುವಾಗ ಆ ನೀರು ಹರಿಸಿಬಿಡುವುದು ನನಗಂತೂ ಒಪ್ಪಿಗೆಯಿಲ್ಲ.

ಹತ್ತೂವರೆಗೆ ಲಾಗ್‌ಬುಕ್ ಬರೆದು ಮುಗಿಸಿದೆ. ಟ್ರಿಪ್ ಅನ್ನುವ ಕಾಲಂ ಖಾಲಿ. ಟೇಲ್‌ರೇಸ್ ಮತ್ತೆ ಮೊರೆಯುತ್ತಿತ್ತು. ಕ್ವಾರ್ಟರ್ಸ್ ಕಿಟಕಿಗಳಲ್ಲಿ ಇನ್ನೂ ಒಂದೆರಡು ಹಣತೆ ಉರಿಯುತ್ತಿದ್ದವು. ಅಮ್ಮ ಮತ್ತೆ ಫೋನ್ ಮಾಡಿದಳು.

'ಫ್ರಿಡ್ಜ್ ಆರಿಸ್ಲಿಲ್ಲ ಮಗಾ. ಫ್ಯಾನೂ ಹಾಕ್ಕೊಂಡೇ ಕೂತಿದ್ದೆ. ಪಕ್ಕದ ಮನೆಗೂ ಹೋಗಿ ಹೇಳಿ ಬಂದೆ.'