ಅಕ್ಕನ ಎದಿನೋವು, ಒಂದಲ್ಲ ಎರಡು ಸ್ಟೆಂಟು

ನಮ್ಮಕ್ಕಗ 44 ವಯಸ್ಸು, ಶುಗರ್ ಇಲ್ಲ ಬಿಪಿ ಇಲ್ಲ. ಕಲಬುರಗಿ ಶರಣಬಸಪ್ಪನ ಜಾತ್ರಿ ಮುಗದ ಮರುದಿನ ಜ್ವಾಳದ ಹಿಟ್ಟು ನಾದಾಕಿ ಹಿಟ್ಟಿನ ಕೈಲೇ ಎದಿ ಹಿಡ್ಕೊಂಡು ಕುಂತ್ಲು, ಸೀರಿ ಮ್ಯಾಲ ಐದೂ ಬಟ್ಟಿನ ಬಿಳಿ ಗುರ್ತು. ಎಲ್ರೂ ಗ್ಯಾಸ್ ಅಂದ್ರು, ಸೋಡಾ ಕುಡಿಸಿದ್ರು. ಹೆಂಗಸರ ಎದಿನೋವು ಅಂದ್ರ ನಮ್ಮ ಕಡಿ ಗ್ಯಾಸೇ ನೋಡ್ರಿ!

ದವಾಖಾನ್ಯಾಗ ಡಾಕ್ಟರ್ ಆಂಜಿಯೋಗ್ರಾಮ್ ಮಾಡಿ ಸ್ಕ್ಯಾಡ್ (SCAD) ಅಂದ್ರು. ಕೊಬ್ಬು ಕಟ್ಟಿದ್ದಲ್ಲ, ಹೃದಯದ ರಕ್ತನಾಳದ ಗೋಡಿನೇ ತಾನಾಗಿ ಸೀಳಿ, ಪದರಿನ ನಡುವ ರಕ್ತ ತುಂಬಿ ದಾರಿ ಮುಚ್ಚೋದು. ಹೆಚ್ಚಾಗಿ ಹೆಂಗಸರಿಗೇ, ಬಾಣಂತ್ಯಾರಿಗೂ ಬರ್ತದ.

ಪೇಷಂಟ್ ಸ್ಟೇಬಲ್ ಇದ್ರ ಸುಮಾರು ಮಂದಿಗೆ ಸ್ಟೆಂಟ್, ಅಂದ್ರ ರಕ್ತನಾಳ ತೆರೆದಿಡೋ ಸಣ್ಣ ಜಾಳಿಗಿ ನಳಿಗಿ, ಹಾಕಲ್ಲ, ಗುಳಗಿ ಕೊಟ್ಟು ಕಾಯ್ತಾರ, ವಾರಗಳೋ ತಿಂಗಳುಗಳೋ ಆದಮ್ಯಾಲ ತಾನೇ ಮಾಯ್ತದ. ಅಕ್ಕಗ ರಕ್ತದ ಓಟ ಪೂರಾ ನಿಂತಿತ್ತು, ಹಾಕಲೇಬೇಕಾಯ್ತು. ಹೋಳಿಗಿ ಲಟ್ಟಿಸಾಗ ಹೂರ್ಣ ಒಂದ್ಕಡಿ ಒತ್ತಿದ್ರ ಇನ್ನೊಂದ್ಕಡಿ ಸರೀತದಲ್ಲ, ಹಂಗ ಸ್ಟೆಂಟ್ ಒತ್ತಿದ ಕೂಡ್ಲೇ ಗೋಡ್ಯಾಗಿನ ರಕ್ತ ಮುಂದಕ್ಕ ಜಾರಿ ಅಲ್ಲೂ ಬ್ಲಾಕ್ ಆಯ್ತು, ಮತ್ತೊಂದು ಸ್ಟೆಂಟು. ಸ್ಟೆಂಟ್ ಒಯ್ಯಾಕ ಮೊದಲು ತೂರಿಸೋ ಸಣ್ಣ ವೈರ್ ಖರೇ ದಾರಿ ಬಿಟ್ಟು ಸೀಳಿನೊಳಗ ಹೊಕ್ಕರಂತೂ ಇನ್ನೂ ಕೆಲಸ ಕೆಡ್ತದ. ಮುಂದ ಆ ರಕ್ತ ಕರಗಿದ್ರ ಸ್ಟೆಂಟ್ ಗೋಡಿಗೆ ಹತ್ತದೇ ಸಡಿಲ ಉಳೀಬಹುದು, ಅದಕ್ಕ ಗುಳಗಿ ಬಿಡಬ್ಯಾಡ್ರಿ ಅಂತ ಡಾಕ್ಟರ್ ಮೂರು ಸಲ ಹೇಳಿದ್ರು.

ಈಗ ರೊಟ್ಟಿ ನಾನೇ ಬಡೀತೀನಿ, ಅಕ್ಕ ಬಾಜೂಕ ಕುಂತು ದಪ್ಪ ಆಯ್ತು ದಪ್ಪ ಆಯ್ತು ಅಂತಾಳ.