ನ್ಯೂಯಾರ್ಕಿನ ಸೈಡ್‌ವಾಕ್‌ನಲ್ಲಿ ಎಡವಿ ಬಿದ್ದರೆ: ಮೊದಲ 90 ದಿನ

ಊರಿಂದ ಬಂದ ಅಪ್ಪ-ಅಮ್ಮ ಸಂಜೆ ವಾಕಿಂಗ್ ಹೊರಡುತ್ತಾರೆ. ಮರದ ಬೇರು ಎಬ್ಬಿಸಿದ ಕಾಂಕ್ರೀಟ್ ಚಪ್ಪಡಿಗೆ ಕಾಲು ತಗುಲಿ ಬೀಳುತ್ತಾರೆ, ಮಣಿಕಟ್ಟೋ ಸೊಂಟವೋ ಮುರಿಯುತ್ತದೆ. ಆಗ ಸುತ್ತಲಿನವರೆಲ್ಲ ಹೇಳುವುದು ಒಂದೇ: "ಸಿಟಿ ಮೇಲೆ ಕೇಸ್ ಹಾಕಿ." ನ್ಯೂಯಾರ್ಕ್ ನಗರದಲ್ಲಿ ಅದು ಅಷ್ಟು ನೇರವಲ್ಲ. ಮೂಳೆ ಎಷ್ಟು ಮುರಿದಿದೆ ಎಂದು ಕೇಳುವ ಮೊದಲು ಕೋರ್ಟು ಎರಡು ಪ್ರಶ್ನೆ ಕೇಳುತ್ತದೆ. ಆ ಚಪ್ಪಡಿಯ ಹೊಣೆ ಯಾರದು? ಅದು ಕೆಟ್ಟಿದೆ ಎಂದು ನಗರಕ್ಕೆ ಮೊದಲೇ ಬರಹದಲ್ಲಿ ಗೊತ್ತಿತ್ತೇ?

ಮೊದಲು ಫೋಟೋ, ಅದೂ ಅದೇ ದಿನ. ಪಕ್ಕದ ಮನೆಯವರಿಗೆ ಸುದ್ದಿ ತಿಳಿದರೆ ವಾರದೊಳಗೆ ಸಿಮೆಂಟು ಬಿದ್ದಿರುತ್ತದೆ, ಆಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಮನೆಯ ನಂಬರು ಕಾಣುವಂತೆ ದೂರದಿಂದ ಒಂದು, ನಡೆದು ಬಂದ ದಿಕ್ಕಿನಿಂದ ಒಂದು, ಆಮೇಲೆ ಚಪ್ಪಡಿಯ ಅಂಚಿಗೆ ಬಗ್ಗಿ ಹಲವು. ತಗ್ಗಿನ ಚಪ್ಪಡಿಯ ಮೇಲೆ ಟೇಪಿನ ಸೊನ್ನೆ ಊರಿ, ಎತ್ತರದ ಅಂಚು ಎಷ್ಟಕ್ಕೆ ಬರುತ್ತದೆ ಎಂಬುದು ಸ್ಪಷ್ಟವಾಗಿ ಓದುವಂತಿರಲಿ. ಟೇಪ್ ಇಲ್ಲದಿದ್ದರೆ 25 ಸೆಂಟಿನ ಕ್ವಾರ್ಟರ್ ನಾಣ್ಯವನ್ನು ಅಂಚಿಗೆ ಒರಗಿಸಿ ನಿಲ್ಲಿಸಿ. ಅದರ ಅಡ್ಡಳತೆ 24 ಮಿಲಿಮೀಟರಿಗಿಂತ ತುಸು ಹೆಚ್ಚು, ಹತ್ತಿರಹತ್ತಿರ ಒಂದು ಇಂಚು. ನಗರದ ನಿಯಮದಲ್ಲಿ ಅರ್ಧ ಇಂಚಿನ ಏರುಪೇರೇ ದೋಷ. ಆದರೆ ಕೋರ್ಟು ಬರೀ ಅಳತೆ ನೋಡುವುದಿಲ್ಲ. ಬೆಳಕು, ಜಾಗ, ಅಂಚಿನ ಆಕಾರ, ಜನಸಂದಣಿ ಎಲ್ಲವನ್ನೂ ತೂಗುತ್ತದೆ. ಸೈಡ್‌ವಾಕ್‌ನಿಂದ ಕಾಲು ಇಂಚಿನಷ್ಟು ಮೇಲೆದ್ದಿದ್ದ ಲೋಹದ ತುಂಡಿಗೆ ಎಡವಿದ ಪ್ರಕರಣವನ್ನು 2015ರಲ್ಲಿ ರಾಜ್ಯದ ಕೋರ್ಟ್ ಆಫ್ ಅಪೀಲ್ಸ್ ಕ್ಷುಲ್ಲಕ ದೋಷವೆಂದು ಕೈಬಿಟ್ಟಿತು. (ಇಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ. ನ್ಯೂಯಾರ್ಕಿನಲ್ಲಿ 'ಸುಪ್ರೀಂ ಕೋರ್ಟ್' ಅಂದರೆ ಮೊದಲ ಹಂತದ ವಿಚಾರಣಾ ಕೋರ್ಟು.) ಬಿದ್ದಾಗ ಹಾಕಿದ್ದ ಚಪ್ಪಲಿ ಅಥವಾ ಶೂ ತೊಳೆಯದೆ ಎತ್ತಿಡಿ.

ಈಗ ಹೊಣೆಯ ಪ್ರಶ್ನೆ. 2003ರ ಸೆಪ್ಟೆಂಬರ್ 14ರಿಂದ ಜಾರಿಗೆ ಬಂದ, ನಗರದ ಆಡಳಿತ ಸಂಹಿತೆಯ 7-210ನೇ ಕಲಂ ಸೈಡ್‌ವಾಕಿನ ಹೊಣೆಯನ್ನು ನಗರದಿಂದ ತೆಗೆದು ಪಕ್ಕದ ಕಟ್ಟಡದ ಮಾಲೀಕರ ಹೆಗಲಿಗೆ ಹಾಕಿತು. ಅಂಗಡಿ, ಅಪಾರ್ಟ್‌ಮೆಂಟ್ ಕಟ್ಟಡ, ಖಾಲಿ ನಿವೇಶನ, ಯಾವುದರ ಮುಂದೆ ಬಿದ್ದರೂ ಮೊದಲು ಹಿಡಿಯಬೇಕಾದವರು ಮಾಲೀಕರು. ಒಂದು, ಎರಡು ಅಥವಾ ಮೂರು ಕುಟುಂಬಗಳ ಮನೆಯಾಗಿದ್ದು, ಮಾಲೀಕರು ಅಲ್ಲೇ ವಾಸವಿದ್ದು, ಮನೆ ವಾಸಕ್ಕೆ ಮಾತ್ರ ಬಳಕೆಯಾಗುತ್ತಿದ್ದರೆ ಹೊಣೆ ನಗರದ್ದೇ. ನೆಲಮಹಡಿಯಲ್ಲಿ ಒಂದು ಅಂಗಡಿಯಿದ್ದರೂ ಲೆಕ್ಕ ಬದಲಾಗುತ್ತದೆ.

ಒಂದೇ ಸೈಡ್‌ವಾಕಿನಲ್ಲೂ ಗೇಣು ಜಾಗಕ್ಕೊಬ್ಬ ಹೊಣೆಗಾರ. ಬೇರು ಎಬ್ಬಿಸಿದ ಚಪ್ಪಡಿ ಮಾಲೀಕರದ್ದು. ಆ ಮರ ನಿಂತಿರುವ ಮಣ್ಣಿನ ಚೌಕ ಸೈಡ್‌ವಾಕ್ ಅಲ್ಲವೆಂದು 2008ರಲ್ಲಿ ಕೋರ್ಟ್ ಆಫ್ ಅಪೀಲ್ಸ್ ಹೇಳಿದೆ, ಆದ್ದರಿಂದ ಅದು ಮಾಲೀಕರಿಗೆ ಅಂಟುವುದಿಲ್ಲ. ರಸ್ತೆಯಂಚಿನ ಕರ್ಬ್ ಮತ್ತು ಮೂಲೆಯ ಇಳಿಜಾರು ನಗರದವು. ವಿದ್ಯುತ್, ದೂರವಾಣಿಯ ಕಬ್ಬಿಣದ ಮುಚ್ಚಳ, ಜಾಲರಿ ಇದ್ದರೆ ಅದರ ಸುತ್ತ 12 ಇಂಚಿನ ತನಕ ಮುಚ್ಚಳದ ಒಡೆಯರು ನೋಡಿಕೊಳ್ಳಬೇಕು. ಹಾಗಾಗಿ ಕಾಲು ತಗುಲಿದ ಬಿಂದು ಯಾವುದು ಎಂಬುದಕ್ಕೆ ಇಷ್ಟು ಬೆಲೆ. ಮಾಲೀಕರು ಯಾರೆಂದು ನಗರದ ಆಸ್ತಿ ದಾಖಲೆಗಳ ತಾಣ 'ಆಕ್ರಿಸ್'ನಲ್ಲಿ ಉಚಿತವಾಗಿ ಸಿಗುತ್ತದೆ. ಸ್ಟ್ಯಾಟನ್ ಐಲೆಂಡಿಗೆ ಮಾತ್ರ ರಿಚ್ಮಂಡ್ ಕೌಂಟಿ ಕ್ಲರ್ಕ್ ಕಚೇರಿ ನೋಡಬೇಕು.

ಹೊಣೆ ನಗರದ್ದೇ ಆದರೂ ಮುಂದಿನ ಗೋಡೆ ಇನ್ನೂ ಎತ್ತರ. ದೋಷದ ಬಗ್ಗೆ ಸಾರಿಗೆ ಇಲಾಖೆಗೆ ಮೊದಲೇ ಬರಹದಲ್ಲಿ ತಿಳಿದಿರಬೇಕು, ಸರಿಪಡಿಸಲು 15 ದಿನ ಸಿಕ್ಕಿಯೂ ಸುಮ್ಮನಿದ್ದಿರಬೇಕು. ಈ ಕಾನೂನಿಗೆ ಉತ್ತರವಾಗಿ ವಕೀಲರ ಸಂಘವೇ 1982ರಲ್ಲಿ 'ಬಿಗ್ ಆಪಲ್' ಎಂಬ ಸಂಸ್ಥೆ ಕಟ್ಟಿತು. ಅದು ಜನರನ್ನು ಬೀದಿಬೀದಿ ಸುತ್ತಿಸಿ, ಕೆಟ್ಟ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಇಲಾಖೆಗೆ ಒಪ್ಪಿಸಿತು. ಆ ನಕ್ಷೆಯಲ್ಲಿ ಗುಂಡಿಗೆ ಒಂದು ಗುರುತು, ಎದ್ದ ಚಪ್ಪಡಿಗೆ ಇನ್ನೊಂದು. ನೀವು ಎಡವಿದ್ದು ಎದ್ದ ಚಪ್ಪಡಿಗೆ, ನಕ್ಷೆಯಲ್ಲಿರುವುದು ಗುಂಡಿಯ ಗುರುತು ಎಂದಾದರೆ ಕೇಸು ಅಲ್ಲೇ ಬೀಳುತ್ತದೆ. ಇಲಾಖೆಯ ಇನ್‌ಸ್ಪೆಕ್ಟರ್ ಹಿಂದೆ ಅದೇ ಜಾಗಕ್ಕೆ ಕೊಟ್ಟ ಉಲ್ಲಂಘನೆ ನೋಟಿಸ್ ಸಿಕ್ಕಿದರೆ ಅದು ಬಲವಾದ ಸಾಕ್ಷಿ. ಇವನ್ನೆಲ್ಲ ಮಾಹಿತಿ ಹಕ್ಕಿನ ಅರ್ಜಿಯಿಂದ ತರಿಸಬಹುದು. ಅದಕ್ಕೆ ಇಲ್ಲಿ 'ಫಾಯಿಲ್' ಎನ್ನುತ್ತಾರೆ. ನಗರವೇ ಕೆಲಸ ಮಾಡಿಸಿ ಆ ದೋಷ ಹುಟ್ಟಿಸಿದ್ದರೆ ಮೊದಲಿನ ಬರಹ ಬೇಕಿಲ್ಲ. ಬಿದ್ದ ಮೇಲೆ ನಗರದ ದೂರು ಸಂಖ್ಯೆ 311ಕ್ಕೆ ಕೊಡುವ ದೂರು ನಿಮ್ಮ ಕೇಸಿನ ಉಪಯೋಗಕ್ಕೆ ಬರುವುದಿಲ್ಲ. ಆದರೂ ಫೋಟೋ ತೆಗೆದಾದ ಮೇಲೆ ಕೊಡಿ, ಅದೇ ಜಾಗದಲ್ಲಿ ಇನ್ನೊಬ್ಬರು ಬೀಳದಿರಲಿ.

ಪರಿಹಾರ ಕೇಳುತ್ತೇನೆಂದು ನಗರಕ್ಕೆ ಬರಹದಲ್ಲಿ ತಿಳಿಸುವ 'ನೋಟಿಸ್ ಆಫ್ ಕ್ಲೇಮ್' ಅನ್ನು, ನಗರದ ಹಣಕಾಸಿನ ಲೆಕ್ಕ ನೋಡುವ ಕಂಪ್ಟ್ರೋಲರ್ ಕಚೇರಿಗೆ ಬಿದ್ದ ದಿನದಿಂದ 90 ದಿನದೊಳಗೆ ಕೊಡಬೇಕು. ಮೂರು ತಿಂಗಳು ಎಂದು ಲೆಕ್ಕ ಹಾಕಬೇಡಿ, ದಿನ ಎಣಿಸಿ. ಶನಿವಾರ, ಭಾನುವಾರವೂ ಸೇರುತ್ತವೆ. ಆನ್‌ಲೈನ್‌ನಲ್ಲಿ, ಖುದ್ದಾಗಿ, ಇಲ್ಲವೇ ಸರ್ಟಿಫೈಡ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕೊಡಬಹುದು. ಬರೆದದ್ದು ನಿಜವೆಂದು ಪ್ರಮಾಣ ಮಾಡಿರಬೇಕು. ಹೆಚ್ಚಿನವರು ಸೋಲುವುದು ಜಾಗದ ವಿವರದಲ್ಲಿ. ಬೀದಿಯ ಹೆಸರಷ್ಟೇ ಬರೆದರೆ ಸಾಲದು. "ಇಂಥ ನಂಬರಿನ ಮನೆಯ ಮುಂದೆ, ಬಾಗಿಲಿನಿಂದ ಎಡಕ್ಕೆ 14 ಅಡಿ, ಕರ್ಬಿನಿಂದ ಒಳಗೆ 3 ಅಡಿ" ಎಂದು ಬರೆದು ಫೋಟೋ ಜೋಡಿಸಿ. ಪಕ್ಕದ ಮನೆಯ ನಂಬರು ಬಿದ್ದರೆ ನಗರದವರು ಬೇರೆ ಜಾಗ ಪರಿಶೀಲಿಸುತ್ತಾರೆ, ಆಮೇಲೆ ನೋಟಿಸೇ ದೋಷಪೂರ್ಣ ಎಂದು ವಾದಿಸುತ್ತಾರೆ. ಹೊಣೆ ಯಾರದೆಂದು ಖಾತ್ರಿಯಿಲ್ಲದಿದ್ದರೂ ನಗರಕ್ಕೆ ನೋಟಿಸ್ ಕೊಟ್ಟಿರುವುದೇ ಕ್ಷೇಮ. ನೋಟಿಸ್ ಕೊಟ್ಟು 30 ದಿನ ಕಳೆದ ಮೇಲಷ್ಟೇ ದಾವೆ; ನಗರದ ಮೇಲೆ ದಾವೆಗೆ ಕೊನೆಯ ಗಡುವು ಬಿದ್ದ ದಿನದಿಂದ 1 ವರ್ಷ 90 ದಿನ. ಖಾಸಗಿ ಮಾಲೀಕರ ಮೇಲಾದರೆ 3 ವರ್ಷ.

ನಮ್ಮವರು ತುಂಬ ಎಚ್ಚರವಾಗಿರಬೇಕಾದದ್ದು ಮಾತಿನ ವಿಷಯದಲ್ಲಿ. ಕನ್ನಡದಲ್ಲಿ ಎಡವಿದೆ, ಜಾರಿದೆ, ತಲೆಸುತ್ತಿ ಬಿದ್ದೆ, ಈ ಮೂರೂ ಬೇರೆ. ಆಸ್ಪತ್ರೆಯ ನರ್ಸಿಗೆ ಮಗನೋ ಮಗಳೋ ಅವಸರದಲ್ಲಿ "ಬಿದ್ದರು" ಎಂದಷ್ಟೇ ಹೇಳಿದರೆ ದಾಖಲೆಯಲ್ಲಿ ಅಷ್ಟೇ ಉಳಿಯುತ್ತದೆ. ಬಿಪಿ ಮಾತ್ರೆಯ ಮಾತೂ ಜೊತೆಗೆ ಬಂದರೆ, ತಲೆಸುತ್ತಿ ಬಿದ್ದದ್ದೆಂದು ಎದುರು ವಕೀಲರು ಅದೇ ಹಾಳೆ ಹಿಡಿದು ವಾದಿಸುತ್ತಾರೆ. ನಿಜವಾಗಿ ಎಡವಿದ್ದರೆ, ಎದ್ದ ಚಪ್ಪಡಿಗೆ ಯಾವ ಕಾಲು ತಗುಲಿ ಎಡವಿದರು ಎಂದು ಮೊದಲ ದಿನವೇ ಹೇಳಿ ಬರೆಸಿ.

ನೋಟಿಸ್ ಬಂದ ಮೇಲೆ ನಗರ '50-ಎಚ್' ವಿಚಾರಣೆಗೆ ಕರೆಯಬಹುದು. ಅಲ್ಲಿ ಪ್ರಮಾಣ ಮಾಡಿ ಉತ್ತರಿಸಬೇಕು, ಮಾತು ಮಾತೂ ದಾಖಲಾಗುತ್ತದೆ. ಕನ್ನಡ ದುಭಾಷಿಯನ್ನೇ ಕೇಳಿ. ಅರೆಬರೆ ತಿಳಿಯುವ ಹಿಂದಿಗೆ ಒಪ್ಪಬೇಡಿ. ಬಿ-2 ಪ್ರವಾಸಿ ವೀಸಾದಲ್ಲಿ ಬಂದವರಿಗೂ ಪರಿಹಾರ ಕೇಳುವ ಹಕ್ಕಿದೆ. ಆದರೆ ಈ ವಿಚಾರಣೆ ಮುಗಿಸದೆ ಬೆಂಗಳೂರಿನ ವಿಮಾನ ಹತ್ತಿದರೆ ದಾವೆ ಹೂಡುವುದಕ್ಕೇ ಅಡ್ಡಿಯಾಗುತ್ತದೆ. ವಾಪಸು ಟಿಕೆಟ್ಟಿನ ದಿನಾಂಕವನ್ನು ಬರಹದಲ್ಲಿ ತಿಳಿಸಿ ಬೇಗ ದಿನ ಕೊಡಿರೆಂದು ಕೇಳಿ.

ವಕೀಲರ ಶುಲ್ಕ ಸಾಮಾನ್ಯವಾಗಿ ಬಂದ ಪರಿಹಾರದ ಮೂರನೇ ಒಂದು ಪಾಲು, ಮುಂಗಡ ಕೊಡಬೇಕಿಲ್ಲ. ನಡೆಯುವಾಗ ಫೋನ್ ನೋಡುತ್ತಿದ್ದಿರಿ ಎಂದು ಸಾಬೀತಾದರೂ ಕೇಸು ಪೂರ್ತಿ ಹೋಗುವುದಿಲ್ಲ, ನಿಮ್ಮ ತಪ್ಪಿನ ಪಾಲಿನಷ್ಟು ಮೊತ್ತ ಕಡಿತವಾಗುತ್ತದೆ.

ಹಡ್ಸನ್ ನದಿಯಾಚೆ ನ್ಯೂಜೆರ್ಸಿಯಲ್ಲಿ ಬಿದ್ದರೆ ಕಾನೂನೇ ಬೇರೆ. ಊರಾಡಳಿತದಂಥ ಸರ್ಕಾರಿ ಸಂಸ್ಥೆಯ ಮೇಲಾದರೆ ಅಲ್ಲೂ 90 ದಿನದ ನೋಟಿಸ್ ಇದೆ, ಆದರೆ ಅದಾದ ಮೇಲೆ ದಾವೆಗೆ 6 ತಿಂಗಳು ಕಾಯಬೇಕು. ಆ ಸಂಸ್ಥೆಯಿಂದ ನೋವಿಗೆಂದು ಪರಿಹಾರ ಬೇಕಾದರೆ ಗಾಯ ಶಾಶ್ವತವಾಗಿರಬೇಕು, ಚಿಕಿತ್ಸೆಯ ಖರ್ಚೂ 3,600 ಡಾಲರ್ ದಾಟಿರಬೇಕು. ಹಾಗಾಗಿ ಅಲ್ಲಿ ಫಿಸಿಯೋಥೆರಪಿಯ ಸಣ್ಣ ಬಿಲ್ಲನ್ನೂ ಎಸೆಯಬೇಡಿ.