ಟಿಕ್ ಹಾಕಿದ್ದು ನಾನು, ಒಳಗೆ ಹೋದದ್ದು ಅವಳು

ಕೈಗಾ ಅಣುಸ್ಥಾವರ ಇರುವ ಜಿಲ್ಲೆಯಲ್ಲಿ ನರ್ಸ್ ಆದ ಮೇಲೆ ರೇಡಿಯೇಷನ್ ಮಾಕ್ ಡ್ರಿಲ್ ತಪ್ಪಿದ್ದಲ್ಲ. 2009ರಲ್ಲಿ ಅಲ್ಲಿನ ವಾಟರ್ ಕೂಲರ್‌ನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಸಿಕ್ಕ ಸುದ್ದಿ ಈಗಲೂ ನಮ್ಮ ಕ್ಯಾಂಟೀನ್ ಮಾತಿನಲ್ಲಿ ಬರುತ್ತದೆ.

ಡ್ರಿಲ್‌ಗೆ ಮೊದಲು ಒಂದು ಫಾರ್ಮ್ ಕೊಟ್ಟರು. ‘ನಿಜವಾಗಿ ಅವಘಡ ಆದರೆ ಡ್ಯೂಟಿಗೆ ಬರುತ್ತೀರಾ?’ ನಾನು ಹಿಂದೆಮುಂದೆ ನೋಡದೆ ‘ಹೌದು’ಗೆ ಟಿಕ್ ಹಾಕಿದೆ. ಪಕ್ಕದಲ್ಲಿದ್ದ ಜೂನಿಯರ್ ‘ಇಲ್ಲ’ ಅಂತ ಹಾಕಿದಳು. ಮನೆಯಲ್ಲಿ ಹನ್ನೊಂದು ತಿಂಗಳ ಮಗು, ಗಂಡ ಗೋವಾದಲ್ಲಿ. ಅದೆಲ್ಲ ಗೊತ್ತಿದ್ದೂ, ಇವಳು ಈ ಕೆಲಸಕ್ಕೆ ಯಾಕೆ ಬಂದಳೋ ಅಂದುಕೊಂಡೆ.

ಆ ದಿನ ಕ್ಯಾಶುವಾಲ್ಟಿಗೆ ಬಂದ ‘ಪೇಷಂಟ್’ ನಮ್ಮದೇ ವಾರ್ಡ್ ಬಾಯ್. ತೊಡೆಗೆ ಕೆಂಪು ಇಂಕು, ಕೊರಳಲ್ಲಿ ‘ಜೋರು ರಕ್ತಸ್ರಾವ, ಮೈಮೇಲೆ ವಿಕಿರಣದ ಧೂಳು’ ಎಂಬ ಚೀಟಿ. ನಾನು ಬಾಗಿಲಲ್ಲೇ ನಿಂತೆ. ವಿಕಿರಣ ಅಳೆಯುವ ಸರ್ವೇ ಮೀಟರ್ ಆನ್ ಆಗಲಿಲ್ಲ, ಬ್ಯಾಟರಿ ಸತ್ತಿತ್ತು. ಸ್ಟೋರಿಗೆ ಫೋನ್ ಮಾಡಿದರೆ ಇಂಡೆಂಟ್ ಕಳಿಸಿ ಅಂದರು! ಗ್ಲೌಸ್ ಮೇಲೆ ಗ್ಲೌಸ್ ಹಾಕಿ ಮಣಿಕಟ್ಟಿಗೆ ಟೇಪ್ ಸುತ್ತಿದೆ. ಟೇಪ್ ಹರಿಯಿತು, ಮತ್ತೆ ಸುತ್ತಿದೆ. ನಮಗೆಷ್ಟು ವಿಕಿರಣ ತಾಗಿತು ಅಂತ ಲೆಕ್ಕ ಇಡುವ ಟಿಎಲ್‌ಡಿ ಬ್ಯಾಡ್ಜ್ ಹುಡುಕಿದೆ. ಅದು ಇಂಕು ಅಂತ ಗೊತ್ತು. ಆದರೂ ಕಾಲು ಏಳಲೊಲ್ಲದು.

“ಸಿಸ್ಟರ್, ನಾನು ಸಾಯ್ತಾ ಇದ್ದೀನಿ, ಸ್ವಲ್ಪ ಬೇಗ,” ಅಂದ ಸ್ಟ್ರೆಚರ್ ಮೇಲಿದ್ದವನು. ಎಲ್ಲರೂ ನಕ್ಕರು. ಅಷ್ಟರಲ್ಲಿ ಗೌನು, ಮಾಸ್ಕು, ಗ್ಲೌಸ್ ಹಾಕಿಕೊಂಡ ಜೂನಿಯರ್ ನನ್ನನ್ನು ದಾಟಿ ಹೋಗಿ ಎರಡೂ ಕೈಯಲ್ಲಿ ಗಾಜ್ ಒತ್ತಿ ಹಿಡಿದಳು. “ಕತ್ತರಿ ಕೊಡಿ, ಪ್ಯಾಂಟ್ ಕತ್ತರಿಸಬೇಕು.” ಅಬ್ಸರ್ವರ್ ನನ್ನ ಹೆಸರಿನ ಮುಂದೆ ಬರೆದಿದ್ದು: 9 ನಿಮಿಷ.

ನನಗೆ ಗೊತ್ತಿರಲಿಲ್ಲ ಅಂತಲ್ಲ. ಮೊದಲು ಉಸಿರು, ರಕ್ತ; ಮೀಟರ್ ಆಮೇಲೆ. ಮೇಲಿನ ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಿದರೇ ಹೆಚ್ಚುಕಡಿಮೆ ಶೇ. 90ರಷ್ಟು ಧೂಳು ಹೋಗುತ್ತದೆ. ಧೂಳು ಮೆತ್ತಿರದೆ ಬರೀ ಕಿರಣ ತಾಗಿದವನಿಂದ ನಮಗೆ ಏನೂ ಆಗಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬಂದವರನ್ನು ಮುಟ್ಟಲು ಹೆದರುತ್ತೇವಾ? ಇದನ್ನೆಲ್ಲ ಹಿಂದಿನ ವಾರ ಸ್ಟೂಡೆಂಟ್ಸ್‌ಗೆ ಪಾಠ ಮಾಡಿದ್ದೇ ನಾನು. ಆದರೆ ವರ್ಷಕ್ಕೊಂದು ಸಲ ಪ್ರೊಜೆಕ್ಟರ್ ಹಾಕಿ ತೋರಿಸಿದ್ದು ಕೈಗೆ ಬರಲ್ಲ.

ಸಂಜೆ ಹ್ಯಾಂಡೋವರ್ ಮುಗಿಸಿ ಅವಳನ್ನು ಕೇಳಿಯೇಬಿಟ್ಟೆ, ‘ಇಲ್ಲ’ ಅಂತ ಯಾಕೆ ಹಾಕಿದೆ ಅಂತ. “ಮಗುನ ಯಾರು ನೋಡ್ಕೋತಾರೆ ಅಂತ ಫಾರ್ಮಲ್ಲಿ ಕಾಲಂ ಇರ್ಲಿಲ್ವಲ್ಲ ಸಿಸ್ಟರ್,” ಅಂದಳು.

ಮೊನ್ನೆ ಈ ವರ್ಷದ ಫಾರ್ಮ್ ಬಂತು. ಆ ಕಾಲಂ ಇನ್ನೂ ಇಲ್ಲ. ನಾನೂ ಟಿಕ್ ಹಾಕಿಲ್ಲ. ಇನ್‌ಚಾರ್ಜ್ ಎರಡು ಸಲ ಕೇಳಿದ್ದಾರೆ.